ನೇತ್ರಚಲನೆಯೂ ಮನಸ್ಸಿನ ಗಾಯವೂ

ಅನುಭವವೆಂಬುದು ಬೇರೆ, ಸ್ಮೃತಿಯೆಂಬುದು ಬೇರೆ ಎಂದು ನಮ್ಮ ತಾರ್ಕಿಕರು ಬಹಳ ಹಿಂದೆಯೇ ವಿಂಗಡಿಸಿಟ್ಟಿದ್ದಾರೆ. ಕಣ್ಣೆದುರಿಗೆ ನಡೆಯುತ್ತಿರುವುದನ್ನು ತಿಳಿಯುವುದು ಅನುಭವ. ಅದು ನಡೆದುಹೋದ ಮೇಲೆ ಉಳಿದ ಸಂಸ್ಕಾರದಿಂದ ಮತ್ತೆ ಹುಟ್ಟುವ ತಿಳಿವು ಸ್ಮೃತಿ. ಸಾಮಾನ್ಯವಾಗಿ ಕಾಲ ಕಳೆದಂತೆ ದುಃಖದ ಅನುಭವವು ಸ್ಮೃತಿಯಾಗಿ ಮಾಗುವುದು. ಹತ್ತು ವರ್ಷದ ಹಿಂದಿನ ಶೋಕವನ್ನು ನೆನೆದರೆ ಕಣ್ಣು ತೇವವಾದೀತು. ಆದರೆ ಅದು ಹಿಂದಿನದೆಂಬ ಅರಿವು ತಪ್ಪದು. ಕೆಲವರಲ್ಲಿ ಮಾತ್ರ ಹೀಗಾಗುವುದಿಲ್ಲ. ಅಂಥವರ ಸಂಕಟವನ್ನೂ, ಅದಕ್ಕೆ ಸುಮಾರು ನಾಲ್ಕು ದಶಕಗಳಿಂದ ನಡೆದುಬಂದಿರುವ ಒಂದು ವಿಚಿತ್ರವಾದ ಚಿಕಿತ್ಸೆಯನ್ನೂ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶವು.

ಮೋಟಾರು ಬಂಡಿಯು ಉರುಳಿಬಿದ್ದು, ಅದರಲ್ಲಿ ಬದುಕಿ ಉಳಿದವನೊಬ್ಬನನ್ನು ಊಹಿಸಿಕೊಳ್ಳಿರಿ. ಮೈಮೇಲಿನ ಗಾಯಗಳು ಕೆಲವು ವಾರಗಳಲ್ಲಿ ಮಾಯ್ದುವು. ಆದರೆ ವರ್ಷ ಕಳೆದರೂ ಬ್ರೇಕಿನ ಸದ್ದು ಕಿವಿಗೆ ಬಿದ್ದೊಡನೆ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು. ಅಪಘಾತವು ಇದೇ ಕ್ಷಣದಲ್ಲಿ ನಡೆಯುತ್ತಿರುವಂತೆ ತೋರುವುದು. ರಾತ್ರಿ ಅದೇ ದುಃಸ್ವಪ್ನ. ಹಗಲು ಆ ದಾರಿಯನ್ನೇ ಬಿಟ್ಟು ಸುತ್ತಿ ಬಳಸಿ ಹೋಗುವ ಅಭ್ಯಾಸ. ಇಲ್ಲಿ ಸ್ಮೃತಿಯು ಅನುಭವದ ವೇಷವನ್ನು ಧರಿಸಿ ಬರುತ್ತಿದೆ. ಯುದ್ಧ, ಭೂಕಂಪ, ಬಾಲ್ಯದಲ್ಲಿ ಪಟ್ಟ ಹಿಂಸೆ, ಸ್ತ್ರೀಯರ ಮೇಲಣ ಬಲಾತ್ಕಾರ ಇವುಗಳಿಂದಲೂ ಇದೇ ಸ್ಥಿತಿಯುಂಟಾಗಬಹುದು. ಅಮೆರಿಕಾದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಮನೆಯವರು ಪ್ರೀತಿಯಿಂದಲೇ “ಆದದ್ದು ಆಗಿಹೋಯಿತು, ಮರೆತುಬಿಡು” ಎನ್ನುತ್ತಾರೆ. ಮರೆಯುವುದು ಅವನ ಕೈಯಲ್ಲಿದ್ದರೆ ಅವನು ಎಂದೋ ಮರೆಯುತ್ತಿದ್ದನು.

ಈ ಚಿಕಿತ್ಸೆಯನ್ನು ಕಂಡುಹಿಡಿದವರು ಅಮೆರಿಕಾದ ಫ್ರಾನ್ಸಿನ್ ಶಪೀರೋ ಎಂಬ ವಿದುಷಿ. ಇವರು ಮೊದಲು ಆಂಗ್ಲ ಸಾಹಿತ್ಯವನ್ನು ವ್ಯಾಸಂಗ ಮಾಡುತ್ತಿದ್ದರು. 1979ರಲ್ಲಿ ಕ್ಯಾನ್ಸರ್ ರೋಗವು ಕಾಣಿಸಿಕೊಂಡ ಮೇಲೆ, ದೇಹಕ್ಕೂ ಮನಸ್ಸಿಗೂ ಇರುವ ಸಂಬಂಧದ ಕಡೆಗೆ ಅವರ ಜಿಜ್ಞಾಸೆಯು ತಿರುಗಿತು. 1987ರಲ್ಲಿ ಒಂದು ದಿನ ಉದ್ಯಾನದಲ್ಲಿ ಅಡ್ಡಾಡುತ್ತಿದ್ದಾಗ, ಕಾಡುತ್ತಿದ್ದ ಕೆಲವು ಯೋಚನೆಗಳು ತಾವಾಗಿಯೇ ಸಡಿಲವಾದುದನ್ನೂ, ಆಗ ತಮ್ಮ ಕಣ್ಣುಗಳು ಅತ್ತಿತ್ತ ವೇಗವಾಗಿ ಚಲಿಸುತ್ತಿದ್ದುದನ್ನೂ ಅವರು ಗಮನಿಸಿದರು. ಇದು ಕಾಕತಾಳೀಯವೋ, ಕಾರ್ಯಕಾರಣ ಸಂಬಂಧವೋ ಎಂದು ತಿಳಿಯಲು ಪರಿಚಿತರಲ್ಲಿ ಪರೀಕ್ಷಿಸಿದರು. ಬಳಿಕ ಯುದ್ಧ, ಹಿಂಸೆ ಮುಂತಾದುವುಗಳ ನೆನಪಿನಿಂದ ನವೆಯುತ್ತಿದ್ದ 22 ಮಂದಿಯ ವಿಷಯದಲ್ಲಿ ಕಂಡುಬಂದ ಫಲವನ್ನು 1989ರಲ್ಲಿ ಪ್ರಕಟಿಸಿದರು. ಈ ಕ್ರಮಕ್ಕೆ ವೈದ್ಯರಲ್ಲಿ ಇ.ಎಂ.ಡಿ.ಆರ್. ಎಂಬ ಹೆಸರು ರೂಢಿಯಾಗಿದೆ. ಶಪೀರೋ ಅವರು 2019ರಲ್ಲಿ ಕಾಲವಾದರು.

ಚಿಕಿತ್ಸೆಯಲ್ಲಿ ಎಂಟು ಘಟ್ಟಗಳುಂಟು. ಮೊದಲು ರೋಗಿಯ ಪೂರ್ವವೃತ್ತಾಂತವನ್ನು ತಿಳಿಯುವರು. ಮನಸ್ಸು ಕದಡಿದಾಗ ಶಾಂತಿಗೆ ಮರಳುವ ಉಪಾಯಗಳನ್ನು ಕಲಿಸುವರು. ಈ ಸಿದ್ಧತೆಯಾದ ಮೇಲೆ, ಆ ಘಟನೆಯ ಅತ್ಯಂತ ಕ್ರೂರವಾದ ಚಿತ್ರವನ್ನೂ, ಅದರೊಡನೆ ಬರುವ “ನಾನು ನಿಸ್ಸಹಾಯಕ” ಎಂಬಂಥ ಭಾವನೆಯನ್ನೂ ಮನಸ್ಸಿಗೆ ತಂದುಕೊಳ್ಳಹೇಳಿ, ಸಂಕಟವೆಷ್ಟೆಂಬುದನ್ನು 0ಯಿಂದ 10ರವರೆಗಿನ ಅಂಕಗಳಲ್ಲಿ ಕೇಳುವರು. ಅನಂತರ ಚಿಕಿತ್ಸಕರು ತಮ್ಮ ಎರಡು ಬೆರಳುಗಳನ್ನು ಎಡಬಲಕ್ಕೆ ಆಡಿಸುವರು. ರೋಗಿಯು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ತಲೆಯಾಡಿಸದೆ ಕಣ್ಣಿನಿಂದ ಅವನ್ನು ಹಿಂಬಾಲಿಸುವನು. ಅರ್ಧ ನಿಮಿಷದಷ್ಟು ಹೊತ್ತಾದ ಮೇಲೆ ನಿಲ್ಲಿಸಿ, “ಈಗ ಏನು ತೋರುತ್ತದೆ?” ಎಂದು ಕೇಳಿ ಮತ್ತೆ ಮುಂದುವರಿಸುವರು. ಸಂಕಟವು ತಗ್ಗಿದ ಮೇಲೆ “ಅದು ಮುಗಿಯಿತು, ನಾನು ಬದುಕಿದ್ದೇನೆ” ಎಂಬಂಥ ಹಿತವಾದ ಭಾವನೆಯನ್ನು ನೆಲೆಗೊಳಿಸಿ, ಮೈಯಲ್ಲಿ ಎಲ್ಲಿಯಾದರೂ ಬಿಗಿತವುಳಿದಿದೆಯೇ ಎಂದು ನೋಡುವರು. ನಡೆದುದನ್ನೆಲ್ಲ ವಿವರವಾಗಿ ಬಾಯಿಬಿಟ್ಟು ಹೇಳಬೇಕೆಂಬ ನಿರ್ಬಂಧವಿಲ್ಲ. ಹೇಳಲು ನಾಚುವವರಿಗೆ ಇದೊಂದು ದೊಡ್ಡ ಉಪಕಾರವು.

ಬೆರಳು ಆಡಿಸಿದರೆ ದುಃಖವೇಕೆ ಕರಗಬೇಕು? ಬಾಯಿಲೆಕ್ಕ ಮಾಡುತ್ತಿರುವ ಹುಡುಗನಿಗೆ ನಡುವೆ ಕಥೆ ಹೇಳಿದರೆ, ಲೆಕ್ಕವೂ ತಪ್ಪುವುದು, ಕಥೆಯೂ ನಿಲ್ಲದು. ಇದನ್ನು ನಾವು ಪಾಠಶಾಲೆಯಲ್ಲಿ ಎಷ್ಟೋ ಬಾರಿ ಕಂಡಿದ್ದೇವೆ. ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲುದು ಸ್ವಲ್ಪವೇ. ಚಲಿಸುವ ಬೆರಳಿನ ಮೇಲೆ ಗಮನವಿಡುತ್ತ ಭಯಂಕರ ಚಿತ್ರವನ್ನು ನೆನೆಯುವಾಗ ಆ ಚಿತ್ರಕ್ಕೆ ಪೂರ್ತಿ ಸ್ಥಳ ಸಿಕ್ಕದೆ ಅದು ಮಸುಕಾಗುವುದು. ಮಸುಕಾದ ರೂಪದಲ್ಲಿಯೇ ಮತ್ತೆ ನೆನಪಿನ ಭಂಡಾರವನ್ನು ಸೇರುವುದು ಎಂದು ಹಲವು ಪಂಡಿತರ ಮತ. ಕಣ್ಣಿನ ಬದಲಿಗೆ ಎರಡು ಕೈಗಳನ್ನೂ ಸರದಿಯಾಗಿ ತಟ್ಟುವ ಕ್ರಮವೂ ಉಂಟು. 1997ರ ಚಂಡಮಾರುತದಲ್ಲಿ ನೊಂದಿದ್ದ ಮೆಕ್ಸಿಕೋ ದೇಶದ ಅಕಾಪುಲ್ಕೋ ನಗರದ ಮಕ್ಕಳಿಗಾಗಿ, ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿಟ್ಟು ಚಿಟ್ಟೆಯ ರೆಕ್ಕೆಯಂತೆ ತಟ್ಟಿಕೊಳ್ಳುವ ಉಪಾಯವನ್ನು 1998ರಲ್ಲಿ ಲೂಸಿನಾ ಆರ್ಟಿಗಾಸ್ ಎಂಬವರು ರೂಪಿಸಿದರು.

ಈ ವಿಷಯದಲ್ಲಿ ಪೂರ್ವಪಕ್ಷವೂ ಇದೆ. ಗುಣವಾಗುವುದು ನೆನಪನ್ನು ಧೈರ್ಯವಾಗಿ ಎದುರಿಸುವುದರಿಂದಲೇ ಹೊರತು ಕಣ್ಣಿನ ಚಲನೆಯಿಂದಲ್ಲ ಎಂದು ವಾದಿಸುವವರುಂಟು. 2001ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಇದೇ ನಿರ್ಣಯಕ್ಕೆ ಬಂದರು. 2013ರಲ್ಲಿ 26 ಪ್ರಯೋಗಗಳನ್ನು ತೂಗಿನೋಡಿದ ಬೇರೆಯವರು, ಚಲನೆಯಿಂದಲೂ ಪ್ರತ್ಯೇಕ ಪ್ರಯೋಜನವುಂಟೆಂದರು. ವಿವಾದವಿರುವುದು ಕಾರಣದ ವಿಷಯದಲ್ಲಿ. ಚಿಕಿತ್ಸೆಯನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಶಿಫಾರಸು ಮಾಡಿತು.

ಗೃಹಸ್ಥರು ಗಮನಿಸಬೇಕಾದ ಮಾತುಗಳು ಕೆಲವುಂಟು. ಇದನ್ನು ಓದಿ ಮನೆಯಲ್ಲಿಯೇ ಬೆರಳಾಡಿಸಿ ಪರೀಕ್ಷಿಸತಕ್ಕದ್ದಲ್ಲ. ಹುಗಿದಿದ್ದ ದುಃಖವು ಒಮ್ಮೆಲೇ ಉಕ್ಕಿದರೆ ಅದನ್ನು ತಡೆಯಲು ತರಬೇತಾದ ಚಿಕಿತ್ಸಕರೇ ಬೇಕು. ಚಿಕಿತ್ಸೆಯ ದಿನಗಳಲ್ಲಿ ಹಳೆಯ ನೆನಪುಗಳೂ ಕನಸುಗಳೂ ತಲೆದೋರಬಹುದು. ಆಗ ಮನೆಯವರು ಕೆದಕಿ ಕೇಳದೆ, ಗದರದೆ, ಜೊತೆಯಲ್ಲಿದ್ದರೆ ಸಾಕು. ದುರ್ಘಟನೆಯೊಂದರ ಭಯವು ತಿಂಗಳು ಮೀರಿಯೂ ನಿದ್ರೆಯನ್ನೂ ಕೆಲಸವನ್ನೂ ಕೆಡಿಸುತ್ತಿದ್ದರೆ, ಅದನ್ನು ಹೇಡಿತನವೆಂದಾಗಲಿ ಗ್ರಹಚಾರವೆಂದಾಗಲಿ ತಳ್ಳಿಹಾಕದೆ ಮನೋವೈದ್ಯರಲ್ಲಿಗೆ ಕರೆದುಕೊಂಡುಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ನಾಡಿನಲ್ಲಿಯೇ ಇದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿಯಲ್ಲಿ, 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ವೆಚ್ಚವಿಲ್ಲದೆ ಸಲಹೆ ದೊರೆಯುವುದು.

ಗುಣಹೊಂದಿದವನು ನಡೆದುದನ್ನು ಮರೆಯುವುದಿಲ್ಲ. ಎಲ್ಲಿ, ಎಂದು, ಹೇಗೆ ನಡೆಯಿತೆಂದು ಕೇಳಿದರೆ ಹೇಳಬಲ್ಲನು. ಹೇಳಿದ ಮೇಲೆ ಊಟಮಾಡಿ ನಿದ್ರಿಸಲೂ ಬಲ್ಲನು.