ವಿಂಡೋಸ್ ಹೊಸತಾಯಿತು, ಕಂಪ್ಯೂಟರ್ ಯಾಕೆ ತೆವಳುತ್ತಿದೆ?

ನಿಮ್ಮ ಮನೆಯ ಮೂಲೆಯಲ್ಲೂ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇರಬಹುದು. ಮಕ್ಕಳ ಓದಿಗೆಂದು 2018ರಲ್ಲೋ 2019ರಲ್ಲೋ ಕೊಂಡದ್ದು. ವಿಂಡೋಸ್ 10 ಅದರಲ್ಲಿ ಹೇಗೋ ನಡೆಯುತ್ತಿತ್ತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಪರದೆಯ ಮೇಲೆ ಸೂಚನೆ ಬಂತು, ಮಗನೋ ಮಗಳೋ ಮೌಸ್ ಒತ್ತಿ ಒಪ್ಪಿಗೆ ಕೊಟ್ಟರು, ವಿಂಡೋಸ್ 11 ಬಂದು ಕೂತಿತು. ಈಗ ಸ್ವಿಚ್ ಹಾಕಿ, ಚಹಾ ಮಾಡಿಕೊಂಡು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಕೇಳಿ ಬರುವುದು ಎರಡೇ ಮಾತು. ಒಂದು, "ಫಾರ್ಮ್ಯಾಟ್ ಮಾಡಿ ಕೊಡ್ತೇವೆ." ಇನ್ನೊಂದು, "ಇದು ಮುಗಿಯಿತು, ಹೊಸತು ತೆಗೆದುಕೊಳ್ಳಿ."

ಇವೆರಡಕ್ಕೂ ತಲೆಯಾಡಿಸುವ ಮೊದಲು ಸ್ವಲ್ಪ ನಿಲ್ಲಿ.

ಫಾರ್ಮ್ಯಾಟ್ ಎಂದರೆ ಅಳಿಸಿ ಹಾಕುವುದು. ಮನೆಯ ಯಜಮಾನರು ಗಲ್ಫ್‌ನಲ್ಲಿರುತ್ತಾರೆ, ಇಲ್ಲಿ ತಾಯಿ ಮಕ್ಕಳು ಮಾತ್ರ. ಅಂಗಡಿಯವನ ಮಾತಿಗೆ ಒಪ್ಪಿ ಬಿಡುತ್ತಾರೆ. ಆಮೇಲೆ ನೋಡಿದರೆ ಅಜ್ಜನ ಕೊನೆಯ ಫೋಟೋಗಳು, ಮಗಳ ಮದುವೆಯ ವೀಡಿಯೊ, ಜಮೀನಿನ ದಾಖಲೆಗಳ ಸ್ಕ್ಯಾನ್ ಪ್ರತಿ ಯಾವುದೂ ಇಲ್ಲ! ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂದು ಪರದೆಯಲ್ಲಿ ಕಾಣುವ ಜಾಗಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಆಗುವುದೂ ಅದೇ. "ನಮ್ಮದೆಲ್ಲ ಡಿ ಡ್ರೈವ್‌ನಲ್ಲಿದೆ, ಭಯವಿಲ್ಲ" ಎನ್ನುವವರೂ ಇದ್ದಾರೆ. ಒಂದೇ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಸಿ ಮತ್ತು ಡಿ ಒಂದೇ ಪೆಟ್ಟಿಗೆಯ ಎರಡು ಖಾನೆಗಳು, ಅಷ್ಟೇ. ಪೆಟ್ಟಿಗೆಯೇ ಕೆಟ್ಟರೆ ಎರಡೂ ಹೋಗುತ್ತವೆ. ಆದ್ದರಿಂದ ಬೇರೇನು ಮಾಡುವುದಕ್ಕೂ ಮೊದಲು ಬೇಕಾದ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಕಂಪ್ಯೂಟರಿನೊಳಗಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಈ ಕೆಲಸವನ್ನು ನಾಳೆಗೆ ಇಡಬೇಡಿ.

ಇನ್ನು ರೋಗ ಯಾವುದೆಂದು ನೋಡೋಣ. ಹೊಸ ವಿಂಡೋಸ್ ಬಂದ ಮೊದಲ ಒಂದೆರಡು ದಿನ ಕಂಪ್ಯೂಟರ್ ನಿಧಾನವಾಗುವುದು ಸಹಜ. ಅದು ಒಳಗೊಳಗೇ ಎಲ್ಲ ಕಡತಗಳ ಸೂಚಿ ತಯಾರಿಸುತ್ತಿರುತ್ತದೆ, ಉಳಿದ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುತ್ತಿರುತ್ತದೆ. ಕೆಲವು ಗಂಟೆ ಹಾಗೆಯೇ ಚಾಲೂ ಇಟ್ಟುಬಿಡಿ. ಎರಡು ಮೂರು ದಿನ ಕಳೆದರೂ ಸರಿಹೋಗದಿದ್ದರೆ ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಸಾಲುಗಳೂ ಪ್ರತಿಯೊಂದರ ಮೇಲೆ ಶೇಕಡಾ ಲೆಕ್ಕವೂ ಇರುತ್ತದೆ. ಯಾವ ಸಾಲು ನೂರರ ಹತ್ತಿರ ಅಂಟಿಕೊಂಡು ಕೂತಿದೆಯೋ ಕಾಯಿಲೆ ಅಲ್ಲಿದೆ. ಇದನ್ನು ನೋಡಲು ಇಂಜಿನಿಯರ್ ಆಗಬೇಕಿಲ್ಲ, ಯಜಮಾನರು ರಜೆಯಲ್ಲಿ ಬರುವ ತನಕ ಕಾಯಬೇಕಾಗಿಯೂ ಇಲ್ಲ.

ಈ ಕಾಲದ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ನೂರು ಮುಟ್ಟುವುದು ಡಿಸ್ಕ್. ಆಗ ಬಂದ ಅನೇಕ ಯಂತ್ರಗಳಲ್ಲಿ ಇದ್ದದ್ದು ಹಳೆಯ ಮಾದರಿಯ ಹಾರ್ಡ್ ಡಿಸ್ಕ್. ಅದರೊಳಗೆ ಲೋಹದ ಹೊಳಪಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಒಂದು ಸಣ್ಣ ಕೈ ಅವುಗಳ ಮೇಲೆ ಅತ್ತಿತ್ತ ಚಲಿಸಿ ಬೇಕಾದ ಮಾಹಿತಿಯನ್ನು ಹುಡುಕಿ ತರುತ್ತದೆ. ಒಂದು ದೊಡ್ಡ ವೀಡಿಯೊ ಓದಲು ಇದಕ್ಕೇನೂ ಕಷ್ಟವಿಲ್ಲ. ಆದರೆ ವಿಂಡೋಸ್ ಕೇಳುವುದು ಸಾವಿರಾರು ಚೂರುಪಾರು ಕಡತಗಳನ್ನು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಹಾಗೆ ಬಿಡಿಬಿಡಿಯಾಗಿ ಕೇಳಿದರೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು ನೂರು ತುಣುಕು ತಂದುಕೊಟ್ಟರೆ ಹೆಚ್ಚು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಸಮಯದಲ್ಲಿ ಸಾವಿರಗಟ್ಟಲೆ ತರುತ್ತದೆ. ನಿಮ್ಮ ಪ್ರೊಸೆಸರ್ ಸೋಮಾರಿಯಲ್ಲ, ಡಿಸ್ಕ್ ಏನಾದರೂ ತಂದುಕೊಡಲಿ ಎಂದು ಕೈಕಟ್ಟಿ ಕಾಯುತ್ತಿರುತ್ತದೆ. ಅದಕ್ಕೇ ಫಾರ್ಮ್ಯಾಟ್ ಮಾಡಿಸಿದವರಿಗೂ ನಾಲ್ಕು ದಿನ ಹಿತವೆನಿಸಿ ಮತ್ತೆ ಹಳೆಯ ಕತೆಯೇ ಶುರುವಾಗುವುದು.

ಮೆಮೊರಿ ಸಾಲನ್ನೂ ಜೊತೆಗೇ ನೋಡಿ. ಮೆಮೊರಿ ಅಥವಾ ರ‍್ಯಾಮ್ ಅಡುಗೆಮನೆಯ ಕಟ್ಟೆಯಿದ್ದಂತೆ, ಡಿಸ್ಕ್ ಹಿಂದಿನ ಉಗ್ರಾಣ. ಕಟ್ಟೆ ಚಿಕ್ಕದಾದರೆ ಈಗ ಬೇಕಾದ ಪಾತ್ರೆಯನ್ನೂ ಉಗ್ರಾಣಕ್ಕೆ ಇಟ್ಟು, ಮತ್ತೆ ತಂದು, ಮತ್ತೆ ಇಟ್ಟು ಓಡಾಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕೆಂದು ಕಂಪೆನಿ ಹೇಳುತ್ತದೆ. ಹೌದು, ಸಾಕು, ಬರೀ ಆನ್ ಮಾಡಿ ನೋಡುತ್ತಾ ಕೂರುವುದಕ್ಕೆ! ಮಕ್ಕಳು ಬ್ರೌಸರ್‌ನಲ್ಲಿ ಐದಾರು ಪುಟ ತೆರೆದರೆ ಅದು ತುಂಬಿ, ಉಳಿದದ್ದು ಡಿಸ್ಕಿನ ಮೇಲೆ ಬೀಳುತ್ತದೆ. ಹೀಗೆ ರ‍್ಯಾಮ್‌ನ ಕೊರತೆ ಎಷ್ಟೋ ಸಲ ಡಿಸ್ಕಿನ ಕಾಯಿಲೆಯಂತೆ ಕಾಣಿಸುತ್ತದೆ. ಮನೆಯ ಬಳಕೆಗೆ 8 ಜಿಬಿ ಇರಲಿ. ರ‍್ಯಾಮ್ ಕೊಳ್ಳುವಾಗ ಹಳೆಯ ಪಟ್ಟಿಯನ್ನು ಬಿಚ್ಚಿಸಿ ಅಂಗಡಿಯವರಿಗೆ ತೋರಿಸಿ. ಡಿಡಿಆರ್ 3 ಇರುವಲ್ಲಿ ಡಿಡಿಆರ್ 4 ಕೂರುವುದಿಲ್ಲ.

ಹಣ ಖರ್ಚು ಮಾಡುವ ಮೊದಲು ಕಾಸಿಲ್ಲದ ಕೆಲವು ಕೆಲಸಗಳಿವೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ವಿಭಾಗದಲ್ಲಿ, ಕಂಪ್ಯೂಟರ್ ತೆರೆಯುವಾಗಲೇ ಎದ್ದು ಕೂರುವ ಅನಗತ್ಯ ಪ್ರೋಗ್ರಾಂಗಳನ್ನು ಡಿಸೇಬಲ್ ಮಾಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. ಸಿ ಡ್ರೈವ್ ಕಂಠಮಟ್ಟ ತುಂಬಿರಬಾರದು. ಪರದೆಯ ಅಕ್ಷರಗಳೇ ವಿಕಾರವಾಗಿ, ವೀಡಿಯೊ ತಡೆತಡೆದು ಬಂದರೆ ಡಿಸ್‌ಪ್ಲೇ ಡ್ರೈವರ್ ಸರಿಯಾಗಿ ಕೂತಿಲ್ಲವೆಂದು ಅರ್ಥ, ತಯಾರಕರ ತಾಣದಿಂದಲೇ ಅದನ್ನು ಇಳಿಸಿಕೊಳ್ಳಬೇಕು. "ಒಂದೇ ಕ್ಲಿಕ್ಕಿಗೆ ವೇಗ" ಎಂದು ಆಸೆ ತೋರಿಸುವ ಪ್ರೋಗ್ರಾಂಗಳ ಹತ್ತಿರ ಸುಳಿಯಬೇಡಿ. ಹಳೆಯ ವಿಂಡೋಸ್‌ಗೇ ಮರಳುವ ಮನಸ್ಸಿದ್ದರೆ ಅಪ್‌ಗ್ರೇಡ್ ಆದ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ಅದಕ್ಕೆ ದಾರಿಯಿದೆ. ಆದರೆ ಬೆಂಬಲ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಚಿಲಕವಿಲ್ಲದ ಮನೆಯಲ್ಲಿ ಮಲಗಿದಂತೆ.

ಇವೆಲ್ಲ ಆದ ಮೇಲೂ ಡಿಸ್ಕ್ ನೂರರಲ್ಲೇ ಇದ್ದರೆ ಅಂಗಡಿಗೆ ಹೋಗಿ, ಈ ಸಲ ಏನು ಬೇಕೆಂದು ನೀವೇ ಹೇಳಿ. "ಸಾಟಾ ಎಸ್‌ಎಸ್‌ಡಿ ಹಾಕಿ, ಈಗಿರುವ ವಿಂಡೋಸನ್ನು ಅದಕ್ಕೆ ಕ್ಲೋನ್ ಮಾಡಿ, ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ" ಎನ್ನಿ. 256 ಜಿಬಿಯದ್ದು ವಿಂಡೋಸ್ ಮತ್ತು ಪ್ರೋಗ್ರಾಂಗಳಿಗೆ ಸಾಕಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಅದಕ್ಕಿಂತ ಹೆಚ್ಚು ತುಂಬಿದ್ದರೆ ಫೋಟೋ ವೀಡಿಯೊಗಳನ್ನು ಮೊದಲೇ ಬೇರೆಡೆ ಸಾಗಿಸಬೇಕು. ಇದಾದ ಮೇಲೆ ಯಂತ್ರ ತೆರೆಯಲು ನಿಮಿಷಗಟ್ಟಲೆ ಕಾಯಬೇಕಾಗಿಲ್ಲ. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಷ್ಟೇ ಇದಕ್ಕೆ ತಗಲುವುದು.

ಹೊಸತೇ ಬೇಕಾಗುವ ಸಂದರ್ಭಗಳೂ ಇಲ್ಲದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಆ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಬೇಕು. ಅದಕ್ಕಿಂತ ಹಳೆಯ ಯಂತ್ರಕ್ಕೆ ಯಾರೋ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿಸಿ ಕೊಟ್ಟಿದ್ದರೆ ಮುಂದೆ ಅಪ್‌ಡೇಟ್ ಬರುವ ಖಾತರಿಯಿಲ್ಲ. ಅಂಥದ್ದರಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದರೆ ಮಕ್ಕಳ ಓದುಬರಹಕ್ಕೆ ಇನ್ನೂ ಕೆಲವು ವರ್ಷ ಬಳಸಬಹುದು.

ಎಸ್‌ಎಸ್‌ಡಿ ಹಾಕಿಸಿದವರು ತಮ್ಮ ಹಳೆಯ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯ ಹೆಣ್ಣುಮಕ್ಕಳ ಫೋಟೋಗಳಿವೆ, ಆಧಾರ್ ಪ್ರತಿಗಳಿವೆ, ಬರೇ ಡಿಲೀಟ್ ಮಾಡಿದ್ದನ್ನು ಬಲ್ಲವರು ಮತ್ತೆ ಎತ್ತಬಲ್ಲರು. ಕೇಳಿ ಪಡೆದು ಮನೆಗೆ ತನ್ನಿ. ಒಂದು ತಿಂಗಳು ಹೊಸ ಡಿಸ್ಕಿನಲ್ಲಿ ಎಲ್ಲ ಸರಿಯಾಗಿದೆಯೇ ನೋಡಿ, ಆಮೇಲೆ ಒಂದು ಹೊರಕವಚ ಕೊಂಡು ಅದನ್ನೇ ಫೋಟೋಗಳ ಎರಡನೇ ಪ್ರತಿ ಇಡಲು ಬಳಸಬಹುದು.