ಗಾಲಿಮನೆಯ ಸಂಧ್ಯಾಕಾಲ

ನಿವೃತ್ತಿಯೆಂಬುದು ಮನುಷ್ಯನ ಬಾಳಿನಲ್ಲಿ ಒಂದು ವಿಚಿತ್ರ ಘಟ್ಟ. ಮೂವತ್ತು ನಾಲ್ವತ್ತು ವರ್ಷಗಳ ಕಾಲ ಗಡಿಯಾರಕ್ಕೆ ಕಟ್ಟುಬಿದ್ದು ದುಡಿದವನಿಗೆ ಒಂದು ಬೆಳಗ್ಗೆ ಎಲ್ಲಿಗೂ ಹೋಗಬೇಕಾದ ಅಗತ್ಯವೇ ಇರುವುದಿಲ್ಲ. ಮಕ್ಕಳು ರೆಕ್ಕೆ ಬಲಿತು ಹಾರಿಹೋಗಿರುತ್ತಾರೆ. ಮನೆಯಲ್ಲಿ ಉಳಿಯುವವರು ಇಬ್ಬರೇ. ಅಂದು ದೇವಪೀಠದ ಮುಂದೆ ಕೈ ಹಿಡಿದು ನಿಂತಿದ್ದ ಅದೇ ಇಬ್ಬರು. ನಡುವಿನ ವರ್ಷಗಳಲ್ಲಿ ಅವರು ತಂದೆತಾಯಿಗಳಾಗಿ, ಉದ್ಯೋಗಸ್ಥರಾಗಿ, ಸಾಲ ತೀರಿಸುವವರಾಗಿ ಬಾಳಿದರು. ಈಗ ಮತ್ತೆ ಗಂಡಹೆಂಡಿರಾಗಿ ಮಾತ್ರ ಬಾಳಬೇಕು. ಅದು ಹೇಗೆ? ಈ ಪ್ರಶ್ನೆಗೆ ಬ್ರಿಟನ್ನಿನ ಅನೇಕ ಸಾಮಾನ್ಯ ಕುಟುಂಬಗಳು ಕಂಡುಕೊಂಡಿರುವ ಒಂದು ಉತ್ತರವನ್ನು ಈ ವಾರ ಓದುಗರ ಮುಂದಿಡಲು ಬಯಸುತ್ತೇವೆ. ಆ ಉತ್ತರದಲ್ಲಿ ಇರುವುದು ಎರಡೇ ವಸ್ತುಗಳು: ಒಂದು ಗಾಲಿಯ ಮೇಲಿನ ಮನೆ, ಮತ್ತು ಒಂದೆರಡು ನಾಯಿಗಳು.

ಕ್ಯಾರವಾನ್ ಎಂದರೇನು?

ಕ್ಯಾರವಾನ್ ಎಂದೊಡನೆ ನಮ್ಮವರಿಗೆ ಚಲನಚಿತ್ರ ನಟರು ವಿಶ್ರಮಿಸುವ ಐಷಾರಾಮಿ ವಾಹನ ನೆನಪಾಗಬಹುದು. ಬ್ರಿಟನ್ನಿನಲ್ಲಿ ಈ ಹೆಸರು ಸಲ್ಲುವುದು ಬೇರೆಯದೇ ವಸ್ತುವಿಗೆ. ಕಾರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆಯದು. ಒಳಗೆ ಎರಡು ಅಥವಾ ನಾಲ್ಕು ಮಂದಿ ಮಲಗುವಷ್ಟು ಸ್ಥಳ, ಒಂದು ಗ್ಯಾಸ್ ಒಲೆ, ಕೈತೊಳೆಯುವ ಬೋಗುಣಿ, ಹಗಲು ಆಸನವಾಗಿ ರಾತ್ರಿ ಮಂಚವಾಗುವ ಹಲಗೆ, ಇಷ್ಟೇ. ಎರಡನೆಯ ಬಗೆಯದು ಸಮುದ್ರತೀರದ ಉದ್ಯಾನಗಳಲ್ಲಿ ಸಾಲಾಗಿ ನಿಲ್ಲಿಸಿದ ದೊಡ್ಡ ಕ್ಯಾರವಾನ್. ಹೆಸರಿಗೆ ಗಾಲಿಗಳಿದ್ದರೂ ಅದು ಲಾರಿಯ ಮೇಲೆ ಬಂದು, ಒಮ್ಮೆ ನಿಂತರೆ ಬಹುಮಟ್ಟಿಗೆ ಅಲ್ಲಿಯೇ ಇರುವಂಥದ್ದು. ಇಂಗ್ಲೆಂಡಿನ ಪೂರ್ವ ತೀರದ ಸ್ಕೆಗ್‌ನೆಸ್, ಉತ್ತರ ವೇಲ್ಸಿನ ರಿಲ್ ಮುಂತಾದ ಊರುಗಳ ಸುತ್ತ ಇಂತಹ ಮನೆಗಳು ಸಾವಿರಗಟ್ಟಲೆ ಇವೆ. ನಿವೃತ್ತರಾದ ದಂಪತಿಗಳು ವಸಂತ ಬರುತ್ತಲೇ ಊರಿನ ಮನೆಗೆ ಬೀಗ ಹಾಕಿ, ನಾಯಿಯನ್ನು ಕಾರಿಗೆ ಹತ್ತಿಸಿ, ವಾರಗಟ್ಟಲೆ ಅಲ್ಲಿ ಕಳೆಯುವುದುಂಟು. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮಕ್ಕಳು ರಜೆಗೆ ಬಂದಾಗ ಇದನ್ನು ಆಶ್ಚರ್ಯದಿಂದ ವರ್ಣಿಸುತ್ತಾರೆ.

ಈ ಪದ್ಧತಿಯ ಮೂಲದಲ್ಲಿಯೇ ನಾಯಿಯೊಂದಿದೆ ಎಂಬುದು ಸ್ವಾರಸ್ಯದ ಸಂಗತಿ. ಅನಾರೋಗ್ಯದ ಕಾರಣ ನೌಕಾಪಡೆಯಿಂದ ನಿವೃತ್ತರಾದ ಸ್ಕಾಟ್ಲೆಂಡಿನ ವೈದ್ಯ, ಬಾಲಕರಿಗಾಗಿ ಸಾಹಸಕಥೆಗಳನ್ನು ಬರೆದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಿಂದ ಒಂದು ಗಾಲಿಮನೆ ಕಟ್ಟಿಸಿದರು. ‘ವಾಂಡರರ್’, ಅಂದರೆ ಅಲೆಮಾರಿ, ಎಂದು ಅದಕ್ಕೆ ಹೆಸರಿಟ್ಟರು. ಸುಮಾರು 2 ಟನ್ ತೂಕದ ಆ ಮನೆಯನ್ನು ಎರಡು ಕುದುರೆಗಳು ಎಳೆದವು. ದಕ್ಷಿಣ ಇಂಗ್ಲೆಂಡಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ನಡೆದ ಆ ಪಯಣದಲ್ಲಿ ಸಾರಥಿ ಮತ್ತು ಸೇವಕರಲ್ಲದೆ ‘ಹರಿಕೇನ್ ಬಾಬ್’ ಎಂಬ ದೊಡ್ಡ ನ್ಯೂಫೌಂಡ್‌ಲೆಂಡ್ ನಾಯಿಯೂ ಒಂದು ಕಾಕಟೂ ಪಕ್ಷಿಯೂ ಜೊತೆಗಿದ್ದವು. ವಿಹಾರಕ್ಕೆಂದೇ ಗಾಲಿಮನೆ ಕಟ್ಟಿಸಿದ ಮೊದಲಿಗರಲ್ಲಿ ಅವರು ಒಬ್ಬರು. ಶತಮಾನಗಳಿಂದ ಗಾಡಿಗಳಲ್ಲಿಯೇ ಬಾಳಿದ್ದ ರೋಮಾನಿ ಜನಾಂಗದ ಬದುಕು ಅವರಿಗೆ ಮಾದರಿಯಾಗಿತ್ತು. ಆ ಜನಾಂಗದ ಭಾಷೆಯ ಬೇರು ನಮ್ಮ ಭಾರತದಲ್ಲಿದೆ. ನೀರಿಗೆ ಅವರೂ ‘ಪಾನಿ’ ಎನ್ನುತ್ತಾರೆ. 1907ರಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆಯು ಕಾರು ಎಳೆಯುವ ಕ್ಯಾರವಾನನ್ನು ತಯಾರಿಸಿತು. ಕ್ರಮೇಣ ಶ್ರೀಮಂತರ ಹವ್ಯಾಸವು ಕಾರ್ಖಾನೆಯ ಕಾರ್ಮಿಕನ, ಶಾಲಾ ಶಿಕ್ಷಕಿಯ ಕೈಗೂ ಎಟಕುವಂತಾಯಿತು.

ಇಬ್ಬರೂ ಬೇಕಾದ ಕೆಲಸ

ಈ ಬಾಳಿನಲ್ಲಿ ನಮ್ಮ ಗಮನ ಸೆಳೆಯುವುದು ವಿಹಾರವಲ್ಲ, ಅದರ ಹಿಂದಿರುವ ದುಡಿಮೆ. ಗಾಲಿಮನೆಯನ್ನು ಎಳೆಯುವ ಕಾರು ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಗಿಂತ ವೇಗವಾಗಿ ಓಡಬಾರದು. ಮೂರು ಸಾಲುಗಳ ರಸ್ತೆಯಲ್ಲಿ ವೇಗವಾಗಿ ಮುಂದೆ ಸಾಗುವವರ ಕೊನೆಯ ಸಾಲಿಗೆ ಹೋಗಬಾರದು. ತಂಗುದಾಣ ತಲುಪಿದ ಮೇಲೆ ಅದನ್ನು ಹಿಂದಕ್ಕೆ ಚಲಾಯಿಸಿ ನಿಗದಿತ ಜಾಗದಲ್ಲಿ ನಿಲ್ಲಿಸುವುದು ಸುಲಭವಲ್ಲ. ಕ್ಯಾರವಾನ್ ಎಡಕ್ಕೆ ತಿರುಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಚಾಲಕನಿಗೆ ಹಿಂದೆ ಏನಿದೆಯೆಂದು ಸರಿಯಾಗಿ ಕಾಣದು. ಆದುದರಿಂದ ಒಬ್ಬರು ಚಾಲಕನ ಆಸನದಲ್ಲಿ, ಇನ್ನೊಬ್ಬರು ಹಿಂದೆ ನಿಂತು ಕೈಸನ್ನೆ ಮಾಡುತ್ತ, ಪರಸ್ಪರ ನಂಬಿಕೆಯಿಂದ ಆ ಕೆಲಸ ಮುಗಿಸಬೇಕಾಗುತ್ತದೆ. ಬಳಿಕ ಗಾರೆಯವರ ರಸಮಟ್ಟದಂತಹ ಸಾಧನವಿಟ್ಟು ನೆಲ ಸಮವಾಗಿದೆಯೇ ಎಂದು ನೋಡಿ, ನಾಲ್ಕು ಮೂಲೆಗಳ ಕಾಲುಗಳನ್ನು ಇಳಿಸಿ, ಉರುಳುವ ಪೀಪಾಯಿಯಲ್ಲಿ ನೀರು ತಂದು, ವಿದ್ಯುತ್ ತಂತಿ ಜೋಡಿಸಿ, ಶೌಚದ ಪೆಟ್ಟಿಗೆಯನ್ನು ಕಾಲಕಾಲಕ್ಕೆ ಖಾಲಿ ಮಾಡಬೇಕು. ಇಲ್ಲಿ ಆಳಿಲ್ಲ, ಕೆಲಸದಾಕೆಯಿಲ್ಲ. ಕಚೇರಿಯಲ್ಲಿ ಅಧಿಕಾರಿಯಾಗಿದ್ದವನೂ ಪೀಪಾಯಿ ಉರುಳಿಸಲೇಬೇಕು.

ಇದರಲ್ಲಿ ದಾಂಪತ್ಯದ ಗುಟ್ಟೊಂದು ಅಡಗಿದೆಯೆಂದು ನಾವು ಭಾವಿಸುತ್ತೇವೆ. ದೊಡ್ಡ ಮನೆಯಲ್ಲಿ ಮುನಿಸಿಕೊಂಡವರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ದಿನ ಕಳೆಯಬಹುದು. ಹತ್ತು ಹೆಜ್ಜೆಯ ಮನೆಯಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಕ್ಷಮೆಯನ್ನು ಸಂಜೆಯವರೆಗೆ ಮುಂದೂಡುವುದೂ ಕಷ್ಟವೇ ಸರಿ. ಅಲ್ಲದೆ, ಕ್ಯಾರವಾನಿಗೆ ತುಂಬುವ ತೂಕಕ್ಕೆ ಮಿತಿಯಿರುವುದರಿಂದ ಯಾವುದು ಬೇಕು, ಯಾವುದು ಬೇಡ ಎಂಬ ವಿವೇಕ ತಾನಾಗಿ ಹುಟ್ಟುತ್ತದೆ. ಎರಡನೆಯ ಮಹಾಯುದ್ಧದ ಕಾಲದ ತನ್ನ ಪ್ರಬಂಧಗಳಿಗೆ ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗೇಬ್ರಿಯೆಲ್ ಮಾರ್ಸೆಲರು ಇಟ್ಟ ಹೆಸರು ‘ಹೋಮೊ ವಿಯಾತೊರ್’, ಅಂದರೆ ಪಥಿಕನಾದ ಮಾನವ. ನಾವೆಲ್ಲರೂ ಪಥಿಕರೆಂದು ಇಗರ್ಜಿಯಲ್ಲಿ ಕೇಳುತ್ತೇವೆ. ಆದರೆ ಕಪಾಟುಗಳನ್ನು ಮಾತ್ರ ಶಾಶ್ವತವಾಸಿಗಳಂತೆ ತುಂಬಿಸುತ್ತೇವೆ.

ನಾಯಿ ಕೇಳುವ ನಿಷ್ಠೆ

ಇನ್ನು ನಾಯಿಯ ಮಾತು. ನಾಯಿಗೆ ನಿವೃತ್ತಿಯೆಂಬುದು ಗೊತ್ತಿಲ್ಲ. ಮಳೆಯಿರಲಿ, ಮೊಣಕಾಲು ನೋವಿರಲಿ, ಬೆಳಗ್ಗೆ ಅದನ್ನು ಹೊರಗೆ ಕರೆದೊಯ್ಯಲೇಬೇಕು. ಯಾರಿಗೂ ತಾನು ಬೇಡವಾದೆನೆಂಬ ವೃದ್ಧನ ಕೊರಗಿಗೆ ಇದೊಂದು ಔಷಧ: ತನಗಾಗಿ ಕಾಯುವ ಜೀವವೊಂದಿದೆ. ನಾಯಿಯೊಂದಿಗೆ ನಡೆಯುವವರನ್ನು ಅಪರಿಚಿತರೂ ನಿಲ್ಲಿಸಿ ಮಾತನಾಡಿಸುತ್ತಾರೆ. ತಂಗುದಾಣದಲ್ಲಿ ಪಕ್ಕದ ಗುಡಾರದವರ ಪರಿಚಯ ಮೊದಲು ನಾಯಿಗಳಿಂದಾಗುತ್ತದೆ, ಬಳಿಕ ಮನುಷ್ಯರಿಂದ. ನಾಯಿಗಾಗಿ ಆ ಜನರು ಪಡುವ ಶ್ರಮವೂ ಕಡಿಮೆಯದಲ್ಲ. ಹುಚ್ಚುನಾಯಿ ರೋಗದ ಭಯದಿಂದ, ಹೊರದೇಶಕ್ಕೆ ಹೋಗಿಬಂದ ನಾಯಿಯನ್ನು ಬ್ರಿಟನ್ನಿನಲ್ಲಿ 6 ತಿಂಗಳು ಪ್ರತ್ಯೇಕವಾಗಿಡಬೇಕೆಂಬ ನಿಯಮವಿತ್ತು. 2000ದಲ್ಲಿ ಲಸಿಕೆ ಮತ್ತು ಗುರುತಿನ ದಾಖಲೆಗಳ ಆಧಾರದ ಮೇಲೆ ಯೂರೋಪಿನಿಂದ ಮರಳುವ ನಾಯಿಗಳಿಗೆ ಆ ಬಂಧನ ತಪ್ಪಿತು. ಬ್ರಿಟನ್ ಯೂರೋಪಿನ ಒಕ್ಕೂಟವನ್ನು ತೊರೆದ ಬಳಿಕ, 2021ರ ಆರಂಭದಿಂದ ಪ್ರತಿ ಪ್ರಯಾಣಕ್ಕೂ ಹೊಸ ಆರೋಗ್ಯ ಪ್ರಮಾಣಪತ್ರ ಪಡೆಯಬೇಕಾಯಿತು. ಆಗಲೂ ಫ್ರಾನ್ಸಿಗೆ ನಾಯಿಯೊಂದಿಗೆ ಹೋಗುವ ವೃದ್ಧರು ಹೋಗುವುದನ್ನು ಬಿಡಲಿಲ್ಲ.

ಪವಿತ್ರ ಬೈಬಲಿನಲ್ಲಿ ನಾಯಿಗೆ ಗೌರವದ ಸ್ಥಾನ ಅಪರೂಪ. ತೋಬಿತನ ಗ್ರಂಥವು ಅಂತಹ ಅಪರೂಪಗಳಲ್ಲೊಂದು. ಅಲ್ಲಿರುವುದೂ ವೃದ್ಧ ದಂಪತಿಯೇ. ತೋಬಿತನು ಕಣ್ಣು ಕಳೆದುಕೊಂಡಿದ್ದಾನೆ. ಪತ್ನಿ ಅನ್ನಳು ನೇಯ್ಗೆ ಮಾಡಿ ಸಂಸಾರ ಸಾಗಿಸುತ್ತಾಳೆ. ಕೂಲಿಯೊಂದಿಗೆ ಆಕೆಗೆ ಉಡುಗೊರೆಯಾಗಿ ದೊರೆತ ಆಡಿನ ಮರಿಯನ್ನು ಕದ್ದುದೆಂದು ಶಂಕಿಸಿ ಮುದುಕನು ಜಗಳವಾಡುತ್ತಾನೆ. ಎಷ್ಟು ಸಹಜವಾದ ಸಂಸಾರ! ಮಗ ತೋಬಿಯಾಸನು ದೇವದೂತ ರಫಾಯೇಲನೊಂದಿಗೆ ದೂರಪ್ರಯಾಣ ಹೊರಟಾಗ ನಾಯಿಯೂ ಹಿಂಬಾಲಿಸುತ್ತದೆ. ಅನ್ನಳು ದಾರಿಯನ್ನೇ ನೋಡುತ್ತ ಕುಳಿತಿರುತ್ತಾಳೆ. ಮರಳಿ ಬರುವಾಗ ನಾಯಿ ಮುಂದಾಗಿ ಓಡಿಬಂದು ಬಾಲವಾಡಿಸಿತೆಂದು ಸಂತ ಜೆರೋಮರ ಲತೀನ್ ಅನುವಾದವು ಸೇರಿಸುತ್ತದೆ. ಅದೇ ಗ್ರಂಥದಲ್ಲಿ ತೋಬಿಯಾಸನು ಮದುವೆಯ ರಾತ್ರಿ ತನ್ನ ಮಡದಿಯೊಡನೆ ದೇವರಲ್ಲಿ ಬೇಡುವುದು ಧನವನ್ನಲ್ಲ, ಇಬ್ಬರೂ ಕೂಡಿ ವೃದ್ಧರಾಗುವ ಭಾಗ್ಯವನ್ನು. ವಿವಾಹದ ಬಲಿಪೂಜೆಗಳಲ್ಲಿ ಈ ವಾಚನವನ್ನು ಆರಿಸಿಕೊಳ್ಳುವ ತರುಣ ತರುಣಿಯರು ತಾವು ಬೇಡುತ್ತಿರುವುದು ಏನನ್ನೆಂದು ಯೋಚಿಸುವುದು ಒಳ್ಳೆಯದು.

ಎಲ್ಲಿ ಎಚ್ಚರ ಬೇಕು

ಹೀಗೆಂದು ಈ ಬಾಳನ್ನು ಸ್ವರ್ಗವೆಂದು ಬಣ್ಣಿಸಲು ನಾವು ಸಿದ್ಧರಿಲ್ಲ. ಪ್ರಾಣಿಗಳನ್ನು ಪ್ರೀತಿಸಬಹುದು, ಅನಗತ್ಯವಾಗಿ ಹಿಂಸಿಸಬಾರದು. ಆದರೆ ಮನುಷ್ಯರ ಸಂಕಟ ನೀಗಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು, ಮನುಷ್ಯರಿಗೇ ಸಲ್ಲಬೇಕಾದ ಮಮತೆಯನ್ನು ಅವುಗಳಿಗೆ ಕೊಡಬಾರದು ಎಂದು 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2418ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ವಿಚಾರಶಕ್ತಿಯಿಲ್ಲದ ಜೀವಿಗಳೊಂದಿಗೆ ಪೂರ್ಣಾರ್ಥದ ಮೈತ್ರಿ ಸಾಧ್ಯವಿಲ್ಲವೆಂದೂ, ದೇವರ ಮಹಿಮೆಗಾಗಿ ಮತ್ತು ಮನುಷ್ಯರ ಹಿತಕ್ಕಾಗಿ ಅವುಗಳನ್ನು ಪ್ರೀತಿಸಬಹುದೆಂದೂ ಸಂತ ತೋಮಾಸ್ ಅಕ್ವಿನಾಸರು ವಿವರಿಸಿದ್ದಾರೆ. ಈ ತತ್ತ್ವದ ಒರೆಗಲ್ಲು ಸರಳವಾದುದು: ನಾಯಿಯಿಂದಾಗಿ ಗಂಡಹೆಂಡಿರು ಹೆಚ್ಚು ಮಾತನಾಡುತ್ತಾರೆಯೇ, ಅಥವಾ ಇಬ್ಬರೂ ನಾಯಿಯೊಂದಿಗೆ ಮಾತ್ರ ಮಾತನಾಡುತ್ತಾರೆಯೇ?

ಕ್ಯಾರವಾನಿಗೂ ಇದೇ ಮಾತು ಸಲ್ಲುತ್ತದೆ. ಸಮುದ್ರತೀರದ ಆ ಮನೆಯ ಒಡೆತನವಿದ್ದರೂ ಅಡಿಯ ನೆಲ ಸ್ವಂತದ್ದಲ್ಲ. ವರ್ಷವರ್ಷವೂ ಬಾಡಿಗೆ ತೆರಬೇಕು. ಚಳಿಗಾಲದಲ್ಲಿ ಅನೇಕ ಉದ್ಯಾನಗಳು ಕೆಲವು ವಾರ ಮುಚ್ಚಿರುತ್ತವೆ. ನಿಗದಿತ ವರ್ಷಗಳಾದ ಮೇಲೆ ಹಳೆಯ ಕ್ಯಾರವಾನನ್ನು ತೆಗೆಯಬೇಕೆಂಬ ಕರಾರು ಸಾಮಾನ್ಯ. ಕಾಯಂ ವಾಸದ ಗಾಲಿಮನೆಗಳಿಗೆ 1983ರ ಕಾನೂನು ನೀಡುವ ರಕ್ಷಣೆ ರಜಾಕಾಲದ ಕ್ಯಾರವಾನುಗಳಿಗೆ ಇಲ್ಲ. ಇದನ್ನರಿಯದೆ ಊರಿನ ಮನೆ ಮಾರಿ ಅಲ್ಲಿಗೆ ತೆರಳುವ ವೃದ್ಧರು ನೆಲೆಯಿಲ್ಲದವರಾಗುವ ಅಪಾಯವಿದೆ. 70 ತುಂಬಿದವರು ಪ್ರತಿ 3 ವರ್ಷಕ್ಕೊಮ್ಮೆ ವಾಹನ ಚಾಲನೆಯ ಪರವಾನಗಿಯನ್ನು ನವೀಕರಿಸಬೇಕು. ಒಂದು ದಿನ ಕಣ್ಣು ಮಂಜಾಗುತ್ತದೆ, ಕೊಂಡಿ ಎತ್ತಲು ಸೊಂಟ ಒಪ್ಪುವುದಿಲ್ಲ. ಕೊನೆಗೆ ಇಬ್ಬರಲ್ಲಿ ಒಬ್ಬರು ಇಲ್ಲವಾಗುತ್ತಾರೆ. ಹಿಂದೆ ನಿಂತು ಕೈಸನ್ನೆ ಮಾಡುವವರಿಲ್ಲದ ಮೇಲೆ ಗಾಲಿಮನೆ ನಿಂತಲ್ಲಿಯೇ ನಿಲ್ಲುತ್ತದೆ.

ಆಗ ನಾಯಿಯ ಗತಿಯೇನು? ಈ ಚಿಂತೆಯಿಂದಲೇ ಆಸ್ಪತ್ರೆಗೆ ಸೇರಲು ಹಿಂಜರಿಯುವ ಒಂಟಿ ವೃದ್ಧರಿರುತ್ತಾರೆ. ಅಂಥವರಿಗಾಗಿ 1985ರಲ್ಲಿ ಇಂಗ್ಲೆಂಡಿನಲ್ಲಿ ಸಿನಮನ್ ಟ್ರಸ್ಟ್ ಎಂಬ ಸೇವಾಸಂಸ್ಥೆ ಹುಟ್ಟಿಕೊಂಡಿತು. ಅದರ ಸ್ವಯಂಸೇವಕರು ನಡೆಯಲಾರದವರ ನಾಯಿಯನ್ನು ತಾವು ನಡೆಸಿಕೊಂಡು ಬರುತ್ತಾರೆ, ಒಡೆಯರು ಆಸ್ಪತ್ರೆಯಲ್ಲಿರುವಾಗ ಅದನ್ನು ಸಾಕುತ್ತಾರೆ, ಒಡೆಯರು ತೀರಿಕೊಂಡರೆ ಅದಕ್ಕೆ ಆಶ್ರಯ ಕಲ್ಪಿಸುತ್ತಾರೆ. ನಾಯಿಗೆ ಮಾಡಿದ ಈ ಉಪಕಾರ ನಿಜವಾಗಿ ಸಲ್ಲುವುದು ಆ ವೃದ್ಧರಿಗೇ. ಬಾಗಿಲು ತಟ್ಟಿ ನಾಯಿಯನ್ನು ಕರೆದೊಯ್ಯುವವರು ಒಳಗಿರುವವರ ಕ್ಷೇಮವನ್ನೂ ವಿಚಾರಿಸುತ್ತಾರಲ್ಲವೇ?

ನಮ್ಮ ಮನೆಗಳಲ್ಲಿ

“ಫಾದರ್, ಮಕ್ಕಳಿಗೆ ಉಳಿಸಬೇಕಾದ ಹಣವನ್ನು ನಾವು ಮುದುಕರು ತಿರುಗಾಟಕ್ಕೆ ಖರ್ಚು ಮಾಡುವುದು ಸರಿಯೇ?” ಎಂದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಕೇಳಿದ್ದುಂಟು. ಅವರ ಮಕ್ಕಳು ಕೊಲ್ಲಿ ದೇಶದಲ್ಲಿ ಚೆನ್ನಾಗಿಯೇ ಇದ್ದಾರೆ. ದೊಡ್ಡ ಮನೆಯ ಮೇಲಂತಸ್ತಿಗೆ ಬೀಗ ಬಿದ್ದು ವರ್ಷಗಳಾಗಿವೆ. ದಂಪತಿಯ ದಿನವೆಲ್ಲ ಕಳೆಯುವುದು ಸಂಜೆಯ ದೂರವಾಣಿ ಕರೆಯ ನಿರೀಕ್ಷೆಯಲ್ಲಿ. “ನೀವು ಮಕ್ಕಳಿಗೆ ಕೊಡಬಹುದಾದ ಆಸ್ತಿಗಳಲ್ಲಿ ತಂದೆತಾಯಿ ಸಂತೋಷವಾಗಿದ್ದಾರೆಂಬ ನೆಮ್ಮದಿಯೂ ಒಂದು” ಎಂದು ನಾವು ಉತ್ತರಿಸಿದೆವು. ನಮಗೆ ಕ್ಯಾರವಾನ್ ಬೇಕಿಲ್ಲ. ವಾರದ ನಡುವೆ, ಜನಸಂದಣಿಯಿಲ್ಲದ ದಿನ, ಇಬ್ಬರೂ ಬಸ್ಸು ಹತ್ತಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾಕ್ಕೆ ಹೋಗಿ, ಪ್ರಾರ್ಥಿಸಿ, ಹೋಟೆಲಿನಲ್ಲಿ ಎದುರುಬದುರು ಕುಳಿತು ಊಟ ಮಾಡಿ ಬರಬಹುದು. ಎಷ್ಟೋ ಮಂದಿ ಹಿರಿಯರು ಮದುವೆ, ಮರಣಗಳ ಹೊರತು ಜೊತೆಯಾಗಿ ಎಲ್ಲಿಗೂ ಹೋಗದೆ ಇಡೀ ಬಾಳನ್ನೇ ಕಳೆದಿದ್ದಾರೆ.

ನಮ್ಮಲ್ಲಿ ನಾಯಿಯನ್ನು ಸಾಕುವುದು ಹೆಚ್ಚಾಗಿ ಕಾವಲಿಗಾಗಿ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಟ್ಟ ನಾಯಿ ಒಡೆಯನಿಗೆ ಏನನ್ನೂ ಕಲಿಸಲಾರದು. ಅದಕ್ಕೆ ಲಸಿಕೆ ಹಾಕಿಸಿ, ಸಂಜೆ ಗಂಡಹೆಂಡಿರಿಬ್ಬರೂ ಅದರೊಂದಿಗೆ ಗದ್ದೆಯ ಬದುವಿನಲ್ಲಿ ನಡೆದರೆ ಅದು ನಾಯಿಗೂ ಒಳ್ಳೆಯದು, ದಾಂಪತ್ಯಕ್ಕೂ ಒಳ್ಳೆಯದು. ದಾರಿಯಲ್ಲಿ ಒಂಟಿಯಾಗಿರುವ ವಿಧವೆಯ ಮನೆಯಿದ್ದರೆ ಗೇಟಿನ ಬಳಿ ನಿಂತು ಎರಡು ಮಾತನಾಡಿಸಿ ಮುಂದೆ ಸಾಗಬಹುದು.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವನ್ನು ಸ್ಥಾಪಿಸಿ, ಸಂತ ಜೋವಾಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಸಮೀಪವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅದಕ್ಕೆ ಮೀಸಲಿಟ್ಟರು. ಅಂದು ಹಿರಿಯರಿಗೆ ಹೂ ಕೊಟ್ಟು ಚಿತ್ರ ತೆಗೆಸಿಕೊಳ್ಳುವುದರೊಂದಿಗೆ ಪ್ರತಿ ವಾಳೆಯ ಗುರಿಕಾರರು ಇನ್ನೊಂದು ಕೆಲಸ ಮಾಡಬಹುದು. ತಮ್ಮ ವಾಳೆಯಲ್ಲಿ ಒಂಟಿಯಾಗಿರುವವರು ಎಷ್ಟು ಮಂದಿ, ಅವರು ಆಸ್ಪತ್ರೆಗೆ ಸೇರಿದರೆ ಮನೆಯ ಕೀಲಿಕೈ ಯಾರ ಬಳಿ, ದನಕರು, ಕೋಳಿ, ನಾಯಿಗಳಿಗೆ ಅನ್ನ ಹಾಕುವವರು ಯಾರು ಎಂದು ಒಂದು ಪಟ್ಟಿ ಮಾಡಲಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೂ ಯುವಜನರೂ ಅದನ್ನು ಹಂಚಿಕೊಳ್ಳಲಿ. ಸುಖದಲ್ಲಿಯೂ ಕಷ್ಟದಲ್ಲಿಯೂ ಜೊತೆಗಿರುವೆವೆಂದು ವಿವಾಹ ಸಂಸ್ಕಾರದಲ್ಲಿ ಇಬ್ಬರು ನೀಡಿದ ವಚನದ ಭಾರವನ್ನು, ಒಬ್ಬರು ಹೊರಟುಹೋದ ಮೇಲೆ, ಉಳಿದವರೊಂದಿಗೆ ಹೊರಬೇಕಾದುದು ಇಡೀ ಧರ್ಮಕೇಂದ್ರ. ನಮ್ಮ ಹಿರಿಯ ದಂಪತಿಗಳಿಗೆ ಕೂಡಿ ನಡೆಯುವ ಶಕ್ತಿಯನ್ನೂ, ಒಂಟಿಯಾಗಿ ಉಳಿದವರಿಗೆ ಬಾಗಿಲು ತಟ್ಟುವ ನೆರೆಯವರನ್ನೂ ಪ್ರಭು ದಯಪಾಲಿಸಲಿ.