ಊರು ಬಿಟ್ಟವರು ಕಟ್ಟಿದ ಹಬ್ಬ

ಮಾರ್ಚ್ 17 ಬಂತೆಂದರೆ ಡಬ್ಲಿನ್‌ನ ಬೀದಿಗಳಲ್ಲಿ ಹಸಿರೋ ಹಸಿರು. ಬ್ಯಾಂಡ್, ಮೆರವಣಿಗೆ, ಹಸಿರು ಟೋಪಿಯ ಪ್ರವಾಸಿಗರ ದಂಡು. ಪಬ್‌ಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಐರ್ಲೆಂಡಿನಲ್ಲಿ ಸಂತ ಪ್ಯಾಟ್ರಿಕ್ ದಿನ ಮೊದಲಿನಿಂದಲೂ ಹೀಗೇ ನಡೆದಿದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ 1927ರ ಕಾನೂನೊಂದು ಇದೇ ದಿನ ಪಬ್‌ಗಳಿಗೆ ಬೀಗ ಹಾಕಿಸಿತ್ತು. 1960ರ ದಶಕ ಶುರುವಾಗುವ ತನಕ ಅದು ಜಾರಿಯಲ್ಲಿತ್ತು. ಗಂಟಲು ಒಣಗಿದ ಡಬ್ಲಿನ್ ಮಂದಿ ಬಾಲ್ಸ್‌ಬ್ರಿಡ್ಜ್‌ನ ಶ್ವಾನ ಪ್ರದರ್ಶನಕ್ಕೆ ಟಿಕೆಟ್ ಕೊಂಡು ಹೋಗುತ್ತಿದ್ದರು. ನಾಯಿ ಮೇಲಿನ ಪ್ರೀತಿಗಲ್ಲ, ಅಲ್ಲಿನ ಬಾರ್‌ಗೆ ವಿನಾಯಿತಿ ಇತ್ತು!

ಆಗ ನಾಡಿನೊಳಗೆ ಇದು ಪೂಜೆಯ ದಿನವಾಗಿತ್ತು. ಬೆಳಗಿನ ಪ್ರಾರ್ಥನೆ, ಕೋಟಿಗೆ ಸಿಕ್ಕಿಸಿದ ಮೂರೆಲೆಯ ಶ್ಯಾಮ್ರಾಕ್, ಈಸ್ಟರ್ ಮುಂಚಿನ ತಪಸ್ಸುಕಾಲದ ಕಟ್ಟುಪಾಡಿಗೆ ಒಂದು ದಿನದ ಬಿಡುವು, ಅಷ್ಟೇ. ಸದ್ದುಗದ್ದಲವೆಲ್ಲ ಹುಟ್ಟಿದ್ದು ಹೊರಗೆ.

ಆ ಸಂತನೇ ಹೊರಗಿನವನು. ಹುಟ್ಟಿದ್ದು ರೋಮನ್ನರ ಆಳ್ವಿಕೆಯ ಬ್ರಿಟನ್‌ನಲ್ಲಿ. ಹದಿನಾರರ ಹರೆಯದಲ್ಲಿ ಐರಿಷ್ ದಾಳಿಕೋರರ ಕೈಗೆ ಸಿಕ್ಕಿ ಆರು ವರ್ಷ ಗುಲಾಮನಾಗಿ ಜಾನುವಾರು ಕಾಯ್ದ. ತಪ್ಪಿಸಿಕೊಂಡು ಊರು ಸೇರಿದವನು, 5ನೇ ಶತಮಾನದಲ್ಲಿ ಅದೇ ನಾಡಿಗೆ ಧರ್ಮಬೋಧಕನಾಗಿ ಮರಳಿದ. ಅವನ ದಿನವನ್ನು ಚರ್ಚಿನ ಪಂಚಾಂಗಕ್ಕೆ 17ನೇ ಶತಮಾನದಲ್ಲಿ ಸೇರಿಸಿದ ಶ್ರೇಯಸ್ಸೂ ರೋಮ್‌ನಲ್ಲಿ ನೆಲೆಸಿದ್ದ ಐರಿಷ್ ಪಾದ್ರಿ ಲ್ಯೂಕ್ ವಾಡಿಂಗ್‌ಗೆ ಸಲ್ಲುತ್ತದೆ.

ಹಬ್ಬದ ಗದ್ದಲ ಶುರುವಾದದ್ದೂ ಹೊರಗೇ. 1737ರಲ್ಲಿ ಬಾಸ್ಟನ್‌ನ ಐರಿಷರು ಈ ದಿನವನ್ನು ಒಟ್ಟಾಗಿ ಆಚರಿಸಿದರು. 1762ರಲ್ಲಿ ನ್ಯೂಯಾರ್ಕ್‌ನಲ್ಲಿ ಮೆರವಣಿಗೆ ಹೊರಟಿತು. ಅದರಲ್ಲಿದ್ದವರು ಬ್ರಿಟಿಷ್ ಸೈನ್ಯದ ಐರಿಷ್ ಸಿಪಾಯಿಗಳು. ಮುಂದೆ 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ, ಇನ್ನೂ ಹೆಚ್ಚೇ ಎನ್ನಿ, ಹಡಗು ಹತ್ತಿದರು. ಅಮೆರಿಕದಲ್ಲಿ ಅವರಿಗೆ ಸಿಕ್ಕಿದ್ದು ತಾತ್ಸಾರ. ನಾವೂ ಇದ್ದೇವೆ, ಇಷ್ಟು ಜನ ಇದ್ದೇವೆ, ನಮಗೂ ಮತವಿದೆ ಎಂದು ಸಾರಲು ಮೆರವಣಿಗೆಗಿಂತ ಒಳ್ಳೆಯ ದಾರಿ ಯಾವುದಿತ್ತು? ಹಬ್ಬಕ್ಕೆ ಮೈ ತುಂಬಿದ್ದು ಆಗ. 1962ರಿಂದ ಷಿಕಾಗೋದಲ್ಲಿ ನದಿಗೇ ಹಸಿರು ಬಣ್ಣ ಹಾಕುತ್ತಾರೆ. ಕೊಳಚೆ ಎಲ್ಲಿಂದ ನದಿ ಸೇರುತ್ತಿದೆ ಎಂದು ಪತ್ತೆಹಚ್ಚಲು ಪ್ಲಂಬರ್‌ಗಳು ಬಳಸುತ್ತಿದ್ದ ಬಣ್ಣವೇ ಈ ಉಪಾಯಕ್ಕೆ ಮೂಲ.

ಇತ್ತ ತಾಯ್ನಾಡಿನಲ್ಲಿ ಸಾರ್ವಜನಿಕ ರಜೆ ಸಿಕ್ಕಿದ್ದೇ 1903ರಲ್ಲಿ. 1950ರ ದಶಕದ ಡಬ್ಲಿನ್ ಮೆರವಣಿಗೆಯಲ್ಲಿ ಲಾರಿಗಳ ಮೇಲೆ ದೇಶೀ ಕಾರ್ಖಾನೆಗಳ ಸರಕು ಸಾಗುತ್ತಿತ್ತು. ಅದನ್ನು ನೋಡಲು ಸಮುದ್ರ ದಾಟಿ ಯಾರು ಬಂದಾರು? ನ್ಯೂಯಾರ್ಕ್‌ನ ಹಬ್ಬದ ಮುಂದೆ ಡಬ್ಲಿನ್‌ನದು ಸಪ್ಪೆಯಾಗಿತ್ತು. 1995ರಲ್ಲಿ ಸರ್ಕಾರ ಹಬ್ಬ ನಡೆಸಲೆಂದೇ ಒಂದು ಸಂಸ್ಥೆ ಕಟ್ಟಿತು. ಮರುವರ್ಷ ಹೊಸ ಬಗೆಯ ಉತ್ಸವ ಶುರುವಾಗಿ, ಬರಬರುತ್ತಾ ಹಲವು ದಿನಗಳಿಗೆ ಹಿಗ್ಗಿತು. 2013ರಲ್ಲಂತೂ 'ದಿ ಗ್ಯಾದರಿಂಗ್' ಎಂಬ ಹೆಸರಿನಲ್ಲಿ, ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳಿಗೆ ವರ್ಷವಿಡೀ ಕರೆಯೋಲೆ ಹೋಯಿತು.

ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸು. ಐರಿಷ್ ಮೂಲದವರೆಂದು ಹೇಳಿಕೊಳ್ಳುವವರು ಅಮೆರಿಕ ಒಂದರಲ್ಲೇ ಮೂರು ಕೋಟಿಗೂ ಹೆಚ್ಚು. ಈ ಲೆಕ್ಕ ತಿಳಿದರೆ ಇನ್ನೊಂದು ವಿಚಿತ್ರವೂ ಅರ್ಥವಾಗುತ್ತದೆ. 1952ರಲ್ಲಿ ಐರಿಷ್ ರಾಯಭಾರಿ ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಶ್ಯಾಮ್ರಾಕ್ ತುಂಬಿದ ಪುಟ್ಟ ಪೆಟ್ಟಿಗೆ ಕಳಿಸಿದ್ದರು. ಅದೇ ಬೆಳೆದು, ಈಗ ಪ್ರಧಾನಿಯೇ ಶ್ಯಾಮ್ರಾಕ್ ಬಟ್ಟಲು ಹಿಡಿದು ಶ್ವೇತಭವನಕ್ಕೆ ಹೋಗುವುದು ವಾಡಿಕೆ. ಮಂತ್ರಿಗಳು ಉಳಿದ ದೇಶಗಳಿಗೆ ಹಂಚಿಹೋಗುತ್ತಾರೆ. ಮನೆ ತುಂಬ ನೆಂಟರಿರುವ ದಿನವೇ ಯಜಮಾನರು ಊರಲ್ಲಿರುವುದಿಲ್ಲ. ಬರಲಾಗದ ನೆಂಟರೇ ಹೆಚ್ಚಿರುವ ಮನೆಯಲ್ಲಿ ಆತಿಥ್ಯವೂ ಹೊಸ್ತಿಲು ದಾಟಿಯೇ ಹೋಗಬೇಕಲ್ಲ.